ಮನೆಯವರನ್ನು ಪೊಲೀಸರು ಕರೆದೊಯ್ದರೆ: ಮೊದಲ ಗಂಟೆಯಿಂದ ತೀರ್ಪಿನ ತನಕ ಕ್ರಿಮಿನಲ್ ವಕೀಲರ ಕೆಲಸ ಏನು, ನಿಮ್ಮ ಕೆಲಸ ಏನು

ಬೆಳಿಗ್ಗೆ ಹತ್ತೂವರೆಗೆ ದಾವಣಗೆರೆ ಕೋರ್ಟ್ ಆವರಣದಲ್ಲಿ ನಿಂತರೆ ಒಂದು ದೃಶ್ಯ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಚನ್ನಗಿರಿ ಕಡೆಯಿಂದಲೋ ಜಗಳೂರು ಕಡೆಯಿಂದಲೋ ಮೊದಲ ಬಸ್ಸಿಗೆ ಬಂದ ಒಂದು ಕುಟುಂಬ. ತಾಯಿಯ ಕೈಯಲ್ಲಿ ಪ್ಲಾಸ್ಟಿಕ್ ಕವರ್. ಅದರೊಳಗೆ ಆಧಾರ್, ರೇಷನ್ ಕಾರ್ಡ್, ಮಡಚಿ ಮಡಚಿ ಸವೆದುಹೋದ ಪಹಣಿ. ಮಗನನ್ನು ಪೊಲೀಸರು ಕರೆದುಕೊಂಡು ಹೋಗಿ ಮೂರು ದಿನ ಆಗಿರುತ್ತದೆ. "ಮೊದಲೇ ಯಾಕೆ ಬರಲಿಲ್ಲ ಅಮ್ಮಾ?" ಅಂತ ಕೇಳಿದರೆ ಉತ್ತರ ಹೆಚ್ಚು ಕಡಿಮೆ ಒಂದೇ. "ನಮ್ಮೂರ ಮೆಂಬರ್ ಮಾತಾಡ್ತೀನಿ ಅಂದಿದ್ರು ವಕೀಲ್ರೇ. ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂತ ಕಾಯ್ತಾ ಕೂತ್ವಿ."

ಅವರು ಕಾದ ಆ ಮೂರು ದಿನದಲ್ಲಿ ಕೇಸಿನ ಅರ್ಧ ಕಾಗದ ತಯಾರಾಗಿರುತ್ತದೆ. ಹುಡುಗನ ಹೇಳಿಕೆ ಬರೆದಿರುತ್ತಾರೆ, ಮಹಜರ್ (ಸ್ಥಳ, ವಸ್ತು ನೋಡಿ ಸಾಕ್ಷಿಗಳ ಮುಂದೆ ಬರೆಯುವ ದಾಖಲೆ) ಆಗಿರುತ್ತದೆ, ರಿಮಾಂಡ್ (ಮ್ಯಾಜಿಸ್ಟ್ರೇಟರು ಕಸ್ಟಡಿಗೆ ಕಳಿಸುವುದು) ಕೂಡ ಮುಗಿದಿರುತ್ತದೆ. ಮುಂದೆ ವರ್ಷಗಟ್ಟಲೆ ನಾವು ಕೋರ್ಟಿನಲ್ಲಿ ಜಗ್ಗಾಡುವುದೆಲ್ಲ ಆ ಕಾಗದಗಳ ಮೇಲೆಯೇ. ವಕೀಲರು ಬೇಕಾಗುವುದು ಸಾಕ್ಷಿ ವಿಚಾರಣೆಯ ದಿನ ಅಂತ ಬಹಳ ಜನ ತಿಳಿದಿದ್ದಾರೆ. ನನ್ನ ಅನುಭವದಲ್ಲಿ ಮೊದಲ ದಿನಕ್ಕಿರುವ ಬೆಲೆ ಇನ್ಯಾವ ದಿನಕ್ಕೂ ಇಲ್ಲ. ಹಾಗಾಗಿ ಮೊದಲ ಗಂಟೆಯಿಂದಲೇ ಶುರು ಮಾಡುತ್ತೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2024ರ ಜುಲೈ 1ರಿಂದ ಹಳೆಯ ಐಪಿಸಿ, ಸಿಆರ್‌ಪಿಸಿ, ಸಾಕ್ಷ್ಯ ಕಾಯ್ದೆಗಳ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮ ಬಂದಿವೆ. ಕಲಂ ನಂಬರ್‌ಗಳೆಲ್ಲ ಬದಲಾಗಿವೆ. ಊರಲ್ಲಿ ಯಾರಾದರೂ "ಇದು 420 ಕೇಸು" ಅಂದರೆ ಹೊಸ ಕಾಯ್ದೆಯಲ್ಲಿ ಅದು 318 ಆಗಿರುತ್ತದೆ. ಕೆಳಗೆ ನಾನು ಹೇಳುವ ಕಲಂಗಳೆಲ್ಲ ಹೊಸವು, ಕಾಯ್ದೆಯ ಹೆಸರು ಹೇಳದ ಕಡೆ ಅದು ನಾಗರಿಕ ಸುರಕ್ಷಾ ಸಂಹಿತೆಯ ಕಲಂ.

ಮೊದಲ ಹೆಜ್ಜೆ: ಠಾಣೆಯಲ್ಲಿ ಕೇಳಬೇಕಾದ್ದು

ಗಾಬರಿಯಲ್ಲಿ ಹತ್ತು ಜನ ಸೇರಿ ಠಾಣೆ ಮುಂದೆ ನಿಲ್ಲಬೇಡಿ. ಮನೆಯಿಂದ ಇಬ್ಬರು ಹೋದರೆ ಸಾಕು, ಒಬ್ಬರಿಗೆ ಓದುಬರಹ ಬರುತ್ತಿರಲಿ. ಬಂಧನ ಆಗಿದೆಯಾ ಅಥವಾ ವಿಚಾರಣೆಗೆ ಅಂತ ಕರೆಸಿದ್ದಾರಾ, ಕ್ರೈಂ ನಂಬರ್ (ಠಾಣೆಯಲ್ಲಿ ಕೇಸು ದಾಖಲಾದ ನಂಬರ್) ಎಷ್ಟು, ಯಾವ ಕಲಂ ಹಾಕಿದ್ದಾರೆ, ತನಿಖಾಧಿಕಾರಿ ಯಾರು ಎಂದು ಸಮಾಧಾನವಾಗಿ ಕೇಳಿ. ಉತ್ತರ ಬರೆದುಕೊಳ್ಳಿ. ಪಕ್ಕದಲ್ಲಿ ಗಂಟೆ ಎಷ್ಟು ಅಂತಲೂ ಬರೆಯಿರಿ. ಈ ಗಂಟೆ ಮುಂದೆ ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು ಆಮೇಲೆ ಗೊತ್ತಾಗುತ್ತದೆ.

ಏಳು ವರ್ಷದವರೆಗೆ ಶಿಕ್ಷೆ ಇರುವ ಅಪರಾಧಗಳಲ್ಲಿ ಕಂಡ ಕೂಡಲೇ ಬಂಧಿಸುವ ಹಾಗಿಲ್ಲ. ಬಂಧನ ಯಾಕೆ ಬೇಕು ಅಂತ ಪೊಲೀಸರು ಕಾರಣ ಬರೆದಿಡಬೇಕು. ಇಲ್ಲದಿದ್ದರೆ 35(3)ನೇ ಕಲಂ ಪ್ರಕಾರ ನೋಟಿಸ್ ಕೊಟ್ಟು ಹಾಜರಾಗಲು ಹೇಳಬೇಕು. 2014ರಲ್ಲಿ ಅರ್ನೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿದೆ. ನೋಟಿಸ್ ಬಂದಿದ್ದರೆ ಹೆದರಿ ಊರು ಬಿಡಬೇಡಿ. ಹೇಳಿದ ದಿನ ಹೋಗಿ, ಹೋಗಿದ್ದಕ್ಕೆ ಗುರುತು ಇಟ್ಟುಕೊಳ್ಳಿ. ತಪ್ಪಿಸಿಕೊಂಡರೆ ಬಂಧನಕ್ಕೆ ನೀವೇ ಕಾರಣ ಕೊಟ್ಟಂತೆ.

ಬಂಧನವೇ ಆಗಿದ್ದರೆ ಬಂಧನ ಪತ್ರ ಇರಬೇಕು. ಅದರ ಮೇಲೆ ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಇರಬೇಕು. ಯಾಕೆ ಬಂಧಿಸಿದ್ದಾರೆ ಅಂತ ಬಂಧಿತರಿಗೆ ಹೇಳಬೇಕು, ಮನೆಯವರಿಗೂ ತಿಳಿಸಬೇಕು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಪೊಲೀಸ್ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು.

ಸಹಿ ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಖಾಲಿ ಹಾಳೆಗೆ ಸಹಿ ಬೇಡ, ಹೆಬ್ಬೆಟ್ಟೂ ಬೇಡ. ತನಿಖೆ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಹೇಳಿದವರ ಸಹಿ ಬೇಕಾಗಿಯೇ ಇಲ್ಲ, ಕಾನೂನು ಹಾಗೇ ಇದೆ. "ಠಾಣೆಯಲ್ಲಿ ಒಪ್ಪಿಕೊಂಡುಬಿಟ್ಟ, ಇನ್ನು ಮುಗೀತು" ಅಂತ ಅಳುವವರು ಜಾಸ್ತಿ. ಮುಗಿದಿಲ್ಲ. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡಿದ್ದು ಕೋರ್ಟಿನಲ್ಲಿ ಸಾಕ್ಷ್ಯ ಆಗುವುದಿಲ್ಲ. ಆದರೆ ಅದಕ್ಕೊಂದು ದೊಡ್ಡ ಬಾಗಿಲು ತೆರೆದೇ ಇದೆ. ಆರೋಪಿ ಹೇಳಿದ ಮಾತಿನಿಂದಲೇ ಒಂದು ವಸ್ತು ಸಿಕ್ಕಿದರೆ, ಅಷ್ಟು ಭಾಗದ ಮಾತು ಸಾಕ್ಷ್ಯ ಆಗುತ್ತದೆ. "ಅಡಿಕೆ ಚೀಲ ಶೆಡ್ಡಿನಲ್ಲಿಟ್ಟಿದ್ದೇನೆ, ತೋರಿಸುತ್ತೇನೆ" ಅಂದ, ಪಂಚರ (ಮಹಜರಿಗೆ ಸಾಕ್ಷಿಯಾಗಿ ಕರೆಸಿದವರ) ಮುಂದೆ ಚೀಲ ಸಿಕ್ಕಿತು ಅಂತ ಮಹಜರ್ ಬರೆದರೆ ಕೇಸಿನ ಬೆನ್ನುಮೂಳೆ ಅದೇ. ಹಾಗಾಗಿಯೇ ಮೊದಲ ದಿನವೇ ವಕೀಲರು ಬೇಕು. ವಿಚಾರಣೆ ನಡೆಯುವಾಗ ತನಗೆ ಬೇಕಾದ ವಕೀಲರನ್ನು ಭೇಟಿ ಮಾಡುವ ಹಕ್ಕು ಬಂಧಿತರಿಗೆ 38ನೇ ಕಲಂನಲ್ಲಿ ಇದೆ. ಪೂರ್ತಿ ಹೊತ್ತು ವಕೀಲರು ಪಕ್ಕದಲ್ಲಿ ಕೂರಲು ಆಗುವುದಿಲ್ಲ, ಆದರೆ ಭೇಟಿ ತಡೆಯುವಂತಿಲ್ಲ.

ಎರಡನೇ ಹೆಜ್ಜೆ: ವಕೀಲರನ್ನು ಹಿಡಿಯುವುದು

ಕ್ರಿಮಿನಲ್ ಕೇಸು ದಿನಾ ನಡೆಸುವವರನ್ನು ನೋಡಿ. ಜಮೀನು ವ್ಯಾಜ್ಯ ಚೆನ್ನಾಗಿ ನಡೆಸಿದ ವಕೀಲರು ಒಳ್ಳೆಯವರೇ ಇರಬಹುದು, ಆದರೆ ಪಾಟಿ ಸವಾಲು, ಅಂದರೆ ಎದುರು ಕಡೆಯ ಸಾಕ್ಷಿಯನ್ನು ಪ್ರಶ್ನಿಸುವುದು, ಬೇರೆಯೇ ಕಸುಬು. ಕೋರ್ಟ್ ಹಾಲ್‌ನಲ್ಲಿ ಅರ್ಧ ದಿನ ಹಿಂದಿನ ಬೆಂಚಿನಲ್ಲಿ ಕೂತು ನೋಡಿ. ಸಾಮಾನ್ಯ ಕೇಸುಗಳ ಕಲಾಪ ಯಾರು ಬೇಕಾದರೂ ಕೂತು ನೋಡಬಹುದು. ಫೈಲು ಓದಿಕೊಂಡು ಬಂದವರು ಯಾರು, ಎದ್ದು ನಿಂತು ವಾಯಿದೆ (ಮುಂದಿನ ದಿನಾಂಕ) ಕೇಳುವವರು ಯಾರು ಅಂತ ಒಂದೇ ದಿನದಲ್ಲಿ ಗೊತ್ತಾಗುತ್ತದೆ.

"ಬೇಲ್ ಗ್ಯಾರಂಟಿ", "ಮೇಲೆ ಮಾತಾಡಿದ್ದೀನಿ" ಅನ್ನುವವರಿಂದ ದೂರ ಇರಿ. ಗೆದ್ದರೆ ಮಾತ್ರ ಫೀಸು ಅನ್ನುವ ಒಪ್ಪಂದವನ್ನು ಬಾರ್ ಕೌನ್ಸಿಲ್ ನಿಯಮವೇ ಒಪ್ಪುವುದಿಲ್ಲ. ಫೀಸು ಎಷ್ಟು, ಅದು ಜಾಮೀನಿಗೆ ಮಾತ್ರವಾ, ಪೂರ್ತಿ ವಿಚಾರಣೆಗಾ, ನಕಲು ಮತ್ತು ಟೈಪಿಂಗ್ ಖರ್ಚು ಸೇರಿದೆಯಾ ಅಂತ ಮೊದಲೇ ಮಾತಾಡಿಕೊಳ್ಳಿ. ಇದರಲ್ಲಿ ಸಂಕೋಚ ಬೇಡ. ವಕಾಲತ್ತಿಗೆ (ನಿಮ್ಮ ಪರ ವಾದಿಸಲು ವಕೀಲರಿಗೆ ಕೊಡುವ ಅಧಿಕಾರ ಪತ್ರಕ್ಕೆ) ಸಹಿ ಹಾಕುವ ಮೊದಲು ಅದರಲ್ಲಿ ಆರೋಪಿಯ ಹೆಸರು, ಕ್ರೈಂ ನಂಬರ್ ತುಂಬಿದೆಯಾ ನೋಡಿ.

ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಕಾನೂನು ಸೇವೆಗಳ ಪ್ರಾಧಿಕಾರದ ಕಾಯ್ದೆ 1987ರ ಪ್ರಕಾರ ಕಸ್ಟಡಿಯಲ್ಲಿರುವವರಿಗೆ, ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರು ಸಿಗುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಕಡೆ ಜಿಲ್ಲಾ ಪ್ರಾಧಿಕಾರ ಇದೆ. ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ ಇದೆ. ಫೋನ್ ಮಾಡುವುದಾದರೆ 15100. ಸರ್ಕಾರ ಕೊಟ್ಟ ವಕೀಲರು ಅಂತ ಅಸಡ್ಡೆ ಮಾಡಬೇಡಿ. ಅವರಿಗೂ ಇದೇ ಮಾಹಿತಿ, ಇದೇ ಕಾಗದ ತಂದುಕೊಡಿ. ಎಷ್ಟೋ ಸಲ ಆರೋಪಿ ಕಡೆಯವರು ಒಮ್ಮೆಯೂ ಬಂದು ಮುಖ ತೋರಿಸದೆ ಅವರ ಕೈ ಕಟ್ಟಿಹೋಗಿರುತ್ತದೆ.

ಮೂರನೇ ಹೆಜ್ಜೆ: ಇದ್ದದ್ದು ಇದ್ದ ಹಾಗೆ ಹೇಳಿ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಹೆಚ್ಚು ಕೇಸು ಕೆಡುವುದು ಇಲ್ಲೇ.

ಮನೆಯವರು ವಕೀಲರ ಮುಂದೆ ಮಗನ ಮಾನ ಕಾಪಾಡಲು ನೋಡುತ್ತಾರೆ. "ಅವನು ಆವತ್ತು ಆ ಕಡೆ ಹೋಗೇ ಇಲ್ಲ" ಅನ್ನುತ್ತಾರೆ. ಆಮೇಲೆ ಮೊಬೈಲ್ ಟವರ್ ದಾಖಲೆ ಬರುತ್ತದೆ, ಪೆಟ್ರೋಲ್ ಬಂಕಿನ ಸಿಸಿಟಿವಿ ಬರುತ್ತದೆ. ಹೋಗಿದ್ದ, ಆದರೆ ಕದ್ದಿಲ್ಲ ಅನ್ನುವ ಸತ್ಯವನ್ನು ಮೊದಲೇ ಹೇಳಿದ್ದರೆ ಅದಕ್ಕೆ ತಕ್ಕ ಹಾದಿ ಹಿಡಿಯಬಹುದಿತ್ತು. ಸುಳ್ಳಿನ ಮೇಲೆ ಕಟ್ಟಿದ ವಾದ ಬಿದ್ದರೆ ಜೊತೆಗಿದ್ದ ಸತ್ಯವೂ ಬೀಳುತ್ತದೆ.

ನೀವು ವಕೀಲರಿಗೆ ಹೇಳಿದ್ದು ಹೊರಗೆ ಹೋಗುವುದಿಲ್ಲ. ಸಾಕ್ಷ್ಯ ಅಧಿನಿಯಮದ 132ನೇ ಕಲಂ ಪ್ರಕಾರ ಕಕ್ಷಿದಾರರ ಒಪ್ಪಿಗೆ ಇಲ್ಲದೆ ಆ ಮಾತನ್ನು ವಕೀಲರು ಯಾರಿಗೂ ಬಿಟ್ಟುಕೊಡುವಂತಿಲ್ಲ. ಮುಂದೆ ಮಾಡಬೇಕೆಂದಿರುವ ತಪ್ಪಿಗೆ ಸಹಾಯ ಕೇಳಿದರೆ ಮಾತ್ರ ಈ ರಕ್ಷಣೆ ಇಲ್ಲ. ಸಾಕ್ಷಿಗೆ ದುಡ್ಡು ಕೊಡೋಣ, ಹಳೆ ತಾರೀಖಿನ ಕಾಗದ ಮಾಡಿಸೋಣ ಅಂತ ಕೇಳಬೇಡಿ. ಅದು ವಕೀಲರ ಕೆಲಸ ಅಲ್ಲ.

"ತಪ್ಪು ಮಾಡಿದವರ ಪರ ಹೇಗೆ ನಿಲ್ತೀರಿ?" ಅಂತ ನನ್ನ ಸಂಬಂಧಿಕರೇ ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದಾರೆ. ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ತೀರ್ಮಾನಿಸುವುದು ನ್ಯಾಯಾಧೀಶರು. ಸರ್ಕಾರದ ಕಡೆ ಪೊಲೀಸ್ ಇದೆ, ಲ್ಯಾಬ್ ಇದೆ, ಸರ್ಕಾರಿ ಅಭಿಯೋಜಕರಿದ್ದಾರೆ. ಆರೋಪಿ ಕಡೆ ಇರುವುದು ಒಬ್ಬ ವಕೀಲ. ಸರ್ಕಾರ ಅನುಮಾನಕ್ಕೆ ಎಡೆಯಿಲ್ಲದಂತೆ ರುಜುವಾತು ಮಾಡಿದೆಯಾ ಅಂತ ಪ್ರತಿ ಹೆಜ್ಜೆಗೂ ಕೇಳುವುದು ಆ ವಕೀಲರ ಕೆಲಸ. ತಮ್ಮ ವೈಯಕ್ತಿಕ ಅಭಿಪ್ರಾಯ ಏನೇ ಇದ್ದರೂ ಆರೋಪಿಯ ಪರ ವಾದಿಸಬೇಕು ಅಂತ ಬಾರ್ ಕೌನ್ಸಿಲ್ ನಿಯಮದಲ್ಲೇ ಬರೆದಿದೆ. ಇಂಥ ಆರೋಪಿ ಪರ ಯಾರೂ ನಿಲ್ಲಬಾರದು ಅಂತ ವಕೀಲರ ಸಂಘಗಳು ಠರಾವು ಮಾಡುವುದು ಕಾನೂನುಬಾಹಿರ ಅಂತ 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನು ನಾನು ಮನಸಾರೆ ನಂಬುತ್ತೇನೆ. ಇವತ್ತು ಪಕ್ಕದ ಮನೆಯ ಹುಡುಗ, ನಾಳೆ ನಮ್ಮ ಮನೆಯ ಹುಡುಗ ಇರಬಹುದು ಅಲ್ವಾ?

ನಾಲ್ಕನೇ ಹೆಜ್ಜೆ: ರಿಮಾಂಡ್, ಜಾಮೀನು, ಶ್ಯೂರಿಟಿ

ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರಯಾಣದ ಹೊತ್ತು ಮಾತ್ರ ಇದರಲ್ಲಿ ಸೇರುವುದಿಲ್ಲ. ಭಾನುವಾರವಾದರೂ, ಯುಗಾದಿಯಾದರೂ ಈ ಲೆಕ್ಕ ನಿಲ್ಲದು. ರಜೆ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ. ನೀವು ಠಾಣೆಯಲ್ಲಿ ಬರೆದುಕೊಂಡ ಗಂಟೆ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡು ದಿನ ಕೂರಿಸಿಕೊಂಡು ಮೂರನೇ ದಿನ ಬೆಳಿಗ್ಗೆ ಬಂಧನ ಅಂತ ತೋರಿಸಿದ್ದರೆ ವಕೀಲರು ಅದನ್ನು ಆಗಲೇ ಮ್ಯಾಜಿಸ್ಟ್ರೇಟರ ಗಮನಕ್ಕೆ ತರಬೇಕು. ಪೊಲೀಸರು ಹೊಡೆದರಾ ಅಂತ ಮ್ಯಾಜಿಸ್ಟ್ರೇಟರು ಕೇಳಿದಾಗ, ಹೊಡೆದಿದ್ದರೆ ಹೌದು ಅಂತ ಬಾಯಿಬಿಟ್ಟು ಹೇಳಲಿ. ಹೆದರಿ ಇಲ್ಲ ಅಂದರೆ ಆ ಗಾಯಕ್ಕೆ ಮುಂದೆ ದಾಖಲೆಯೇ ಇರುವುದಿಲ್ಲ.

ಜಾಮೀನು ಅರ್ಜಿಗೆ ವಕೀಲರು ನಿಮ್ಮಿಂದ ಕೇಳುವುದು ಸರಳ. ಮನೆ ಎಲ್ಲಿ, ಎಷ್ಟು ವರ್ಷದಿಂದ ಅಲ್ಲಿದ್ದೀರಿ, ಮನೆಯಲ್ಲಿ ಯಾರಿದ್ದಾರೆ, ಕಾಯಿಲೆ ಇದೆಯಾ, ಹಿಂದೆ ಕೇಸು ಇತ್ತಾ. ಹಿಂದಿನ ಕೇಸು ಮುಚ್ಚಿಡಬೇಡಿ, ಸರ್ಕಾರಿ ಅಭಿಯೋಜಕರು ಅದನ್ನು ತೆಗೆದೇ ತೆಗೆಯುತ್ತಾರೆ. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಿಗದಿದ್ದರೆ ಸೆಷನ್ಸ್, ಅಲ್ಲೂ ಸಿಗದಿದ್ದರೆ ಹೈಕೋರ್ಟ್. ದಾವಣಗೆರೆ, ಚಿತ್ರದುರ್ಗ ಎರಡೂ ಬೆಂಗಳೂರಿನ ಪ್ರಧಾನ ಪೀಠಕ್ಕೆ ಸೇರಿವೆ. ಪಕ್ಕದ ಹಾವೇರಿಯವರು ಧಾರವಾಡಕ್ಕೆ ಹೋಗುತ್ತಾರೆ ಅಂತ ನೀವೂ ಹೋದರೆ ಒಂದು ದಿನ ವ್ಯರ್ಥ. ಬಂಧನ ಇನ್ನೂ ಆಗಿಲ್ಲ, ಆಗುವ ಭಯ ಇದೆ ಅಂದರೆ 482ನೇ ಕಲಂ ನಿರೀಕ್ಷಣಾ ಜಾಮೀನು ಕೇಳಬಹುದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಂಥ ಕೆಲವು ಕೇಸುಗಳಲ್ಲಿ ಅದಕ್ಕೆ ಅಡ್ಡಿ ಇದೆ.

ಜಾಮೀನು ಆದೇಶ ಆದರೂ ಎಷ್ಟೋ ಜನ ಒಳಗೇ ಉಳಿಯುತ್ತಾರೆ, ಕಾರಣ ಶ್ಯೂರಿಟಿ, ಅಂದರೆ ಆರೋಪಿ ಕೋರ್ಟಿಗೆ ಬರುತ್ತಾನೆ ಅಂತ ಬೇರೊಬ್ಬರು ಕೊಡುವ ಹೊಣೆ. ಪಹಣಿ, ಆಧಾರ್, ಫೋಟೋ ಹಿಡಿದು ಬಂದು ಸಹಿ ಹಾಕಲು ಊರಲ್ಲಿ ಯಾರೂ ಮುಂದೆ ಬರುವುದಿಲ್ಲ. ಆಗ ಕೋರ್ಟ್ ಹೊರಗೆ ಬಾಡಿಗೆ ಜಾಮೀನುದಾರರು ಸಿಗುತ್ತಾರೆ. ಬೇಡವೇ ಬೇಡ. ಸುಳ್ಳು ದಾಖಲೆ ಅಂತ ಗೊತ್ತಾದರೆ ಜಾಮೀನೂ ಹೋಗುತ್ತದೆ, ಹೊಸ ಕೇಸೂ ಬೀಳುತ್ತದೆ. ಸೋದರಮಾವನ ಹೊಲ ಹರಪನಹಳ್ಳಿಯಲ್ಲಿದೆ, ಆ ತಾಲ್ಲೂಕು ಈಗ ವಿಜಯನಗರ ಜಿಲ್ಲೆ, ಆ ಪಹಣಿ ನಡೆಯುತ್ತದಾ ಅಂತ ಕೇಳುವವರಿದ್ದಾರೆ. ಇದೇ ಪ್ರಶ್ನೆ 1978ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮೋತಿರಾಮ್ ಅನ್ನುವ ಗಾರೆ ಕೆಲಸದವರಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು. ಶ್ಯೂರಿಟಿಗೆ ಬಂದ ಸೋದರನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ತಳ್ಳಿಹಾಕಿ 1,000 ರೂಪಾಯಿ ಸ್ವಂತ ಮುಚ್ಚಳಿಕೆ (ತಾನೇ ಬರೆದುಕೊಡುವ ಬಾಂಡ್) ಮೇಲೆ ಬಿಡಲು ಹೇಳಿದರು. ಇವತ್ತಿಗೂ ಆ ತೀರ್ಪನ್ನು ತೋರಿಸಿ ಕೇಳಬಹುದು. ಜಾಮೀನು ಸಿಕ್ಕು ಒಂದು ತಿಂಗಳಾದರೂ ಶ್ಯೂರಿಟಿ ಕೊಡಲು ಆಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲ ಮಾಡುವುದನ್ನು ಯೋಚಿಸಬಹುದು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನ ಕೊಟ್ಟಿದೆ. ನೀವು ಕಾಯಬೇಡಿ, ವಕೀಲರಿಂದ ಅರ್ಜಿ ಹಾಕಿಸಿ.

ಐದನೇ ಹೆಜ್ಜೆ: ದಿನ ಎಣಿಸಿ

ಮನೆಯ ಕ್ಯಾಲೆಂಡರಿನಲ್ಲಿ ರಿಮಾಂಡ್ ಆದ ದಿನಕ್ಕೆ ಗುರುತು ಹಾಕಿ. ಅದೇ ದಿನದಿಂದ ಎಣಿಸಿ, ಬಂಧನದ ದಿನದಿಂದ ಬೇಡ. ಸಾಮಾನ್ಯ ಕೇಸುಗಳಲ್ಲಿ 60 ದಿನ, ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಕೇಸುಗಳಲ್ಲಿ 90 ದಿನ. ಅಷ್ಟರಲ್ಲಿ ಚಾರ್ಜ್‌ಶೀಟ್ (ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಕೊಡುವ ವರದಿ) ಬರದಿದ್ದರೆ ಜಾಮೀನು ಹಕ್ಕಾಗಿ ಸಿಗುತ್ತದೆ. ಆದರೆ ಕೇಳಬೇಕು. ಅವಧಿ ಮುಗಿದ ಮರುದಿನ ಬೆಳಿಗ್ಗೆಯೇ ಅರ್ಜಿ ಹೋಗಬೇಕು. ಮಧ್ಯಾಹ್ನ ಚಾರ್ಜ್‌ಶೀಟ್ ಬಂದು, ಸಂಜೆ ನೀವು ಅರ್ಜಿ ಹಾಕಿದರೆ ಹಕ್ಕು ಕೈತಪ್ಪಿತು.

ಚಾರ್ಜ್‌ಶೀಟ್ ಬಂದ ಮೇಲೆ ಅದರ ಪೂರ್ತಿ ನಕಲು ಆರೋಪಿಗೆ ಉಚಿತವಾಗಿ ಕೊಡಬೇಕು. ವಕೀಲರ ಹತ್ತಿರ ಒಂದು ಪ್ರತಿ, ನಿಮ್ಮ ಹತ್ತಿರ ಒಂದು ಪ್ರತಿ ಇರಲಿ. ಮನೆಯಲ್ಲಿ ಓದಿ. ಜಾಗ, ದಾರಿ, ಯಾರ ತೋಟ ಎಲ್ಲಿದೆ ಅನ್ನುವುದು ವಕೀಲರಿಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಆಧಾರವೇ ಇಲ್ಲದ ಕೇಸಾದರೆ ಆರೋಪದಿಂದ ಬಿಡುಗಡೆ ಕೋರಿ ಅರ್ಜಿ ಹಾಕಬಹುದು. ಜಪ್ತಿಯಾದ ಗಾಡಿ ಠಾಣೆ ಮುಂದೆ ಮಳೆಯಲ್ಲಿ ತುಕ್ಕು ಹಿಡಿಯುತ್ತಾ ನಿಂತಿದ್ದರೆ ಅದನ್ನು ಮಧ್ಯಂತರವಾಗಿ ಬಿಡಿಸಿಕೊಳ್ಳಲು ಈಗಲೇ ಕೇಳಿ.

ಆರನೇ ಹೆಜ್ಜೆ: ಸಾಕ್ಷಿ ವಿಚಾರಣೆ

ವಾಯಿದೆ ತಪ್ಪಿಸಬೇಡಿ. ತಪ್ಪಿದರೆ ವಾರಂಟ್. ಜ್ವರವೋ ಸಾವೋ ಇದ್ದರೆ ಹಿಂದಿನ ದಿನವೇ ವಕೀಲರಿಗೆ ತಿಳಿಸಿ, ಅವರು ಹಾಜರಾತಿ ವಿನಾಯಿತಿ ಅರ್ಜಿ ಕೊಡುತ್ತಾರೆ. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಮುಂದಿನ ದಿನಾಂಕ ನೀವೇ ನೋಡಬಹುದು.

ಪಾಟಿ ಸವಾಲು ಅಂದರೆ ಸಿನಿಮಾದಲ್ಲಿ ಕೂಗಾಡುವಂಥದ್ದು ಅಂದುಕೊಂಡವರು ಕೋರ್ಟಿನಲ್ಲಿ ನಿರಾಸೆಪಡುತ್ತಾರೆ. ನಾನೇ ನಡೆಸಿದ ಒಂದು ಕೇಸು ಹೇಳುತ್ತೇನೆ, ಹೆಸರು ಊರು ಬೇಡ. ಹಮಾಲಿ ಕೆಲಸದ ಹುಡುಗ. ಅಡಿಕೆ ಚೀಲ ಕದ್ದ ಆರೋಪ. ತೋಟದ ಶೆಡ್ಡಿನಲ್ಲಿ ಅವನೇ ಚೀಲ ತೋರಿಸಿದ ಅಂತ ಮಹಜರ್. ಮಹಜರಿನ ಹೊತ್ತು ಬೆಳಿಗ್ಗೆ 11ರಿಂದ 12. ಫೈಲು ಎರಡು ಸಲ ಓದಿದಾಗ ಏನೂ ಕಾಣಲಿಲ್ಲ. ಮೂರನೇ ಸಲ ಕೊನೆಯ ಹಾಳೆಗಳಲ್ಲಿದ್ದ ವೈದ್ಯಕೀಯ ತಪಾಸಣೆಯ ಚೀಟಿ ಕಣ್ಣಿಗೆ ಬಿತ್ತು. ವೈದ್ಯರು ನೀಲಿ ಶಾಯಿಯಲ್ಲಿ ಬರೆದ ಹೊತ್ತು 11.20. ಅದೇ ದಿನ, ಅದೇ ಹುಡುಗ, ಆಸ್ಪತ್ರೆಯಲ್ಲಿ.

ತನಿಖಾಧಿಕಾರಿಯವರಿಗೆ ನಾನು ಕೂಗಿ ಏನೂ ಕೇಳಲಿಲ್ಲ. ಮಹಜರ್ ಮುಗಿಯುವ ತನಕ ಆರೋಪಿ ಶೆಡ್ ಬಿಟ್ಟು ಎಲ್ಲೂ ಹೋಗಿರಲಿಲ್ಲ ಅಲ್ಲವೇ? ಹೌದು. ಬರೆದ ಹೊತ್ತು ಸರಿಯಾಗಿದೆಯಲ್ಲವೇ? ಹೌದು. ಆಮೇಲೆ ಆ ಚೀಟಿ ಕೈಗೆ ಕೊಟ್ಟು ಇದನ್ನು ಚಾರ್ಜ್‌ಶೀಟ್ ಜೊತೆ ಹಾಕಿದ್ದು ನೀವೇ ಅಲ್ಲವೇ ಅಂದೆ. ಅವರು ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಹಾಲ್‌ನಲ್ಲಿ ಫ್ಯಾನ್ ಸದ್ದು ಮಾತ್ರ ಕೇಳುತ್ತಿತ್ತು. ನಾನು ಮುಂದೆ ಏನೂ ಕೇಳದೆ ಕೂತೆ. ಚೀಲ ಸಿಕ್ಕ ಕಥೆಯನ್ನು ನಂಬಲಾಗದು ಅಂತ ತೀರ್ಪಿನಲ್ಲಿ ಬಂತು, ಹುಡುಗ ಖುಲಾಸೆಯಾದ. ಅಷ್ಟರಲ್ಲಿ ಅವನ ಎರಡು ವರ್ಷದ ದುಡಿಮೆ ಹೋಗಿತ್ತು. ಆ ಬೆಳಿಗ್ಗೆ ತಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಬಂದಿದ್ದನ್ನು ಅವನ ಅಕ್ಕ ಕಣ್ಣಾರೆ ನೋಡಿದ್ದರಂತೆ. ನನಗೆ ಹೇಳಿದ್ದು ಖುಲಾಸೆಯಾದ ದಿನ. "ಅದೂ ಬೇಕಾಗ್ತದೆ ಅಂತ ನನಗೆಲ್ಲಿ ಗೊತ್ತಿತ್ತು ವಕೀಲ್ರೇ" ಅಂದರು. ಮೊದಲ ವಾರ ಹೇಳಿದ್ದರೆ ಜಾಮೀನು ಅರ್ಜಿಯಲ್ಲೇ ಆ ಚೀಟಿ ಹುಡುಕಿ ತೋರಿಸುತ್ತಿದ್ದೆ.

ಸರ್ಕಾರದ ಸಾಕ್ಷಿ ಮುಗಿದ ಮೇಲೆ ನ್ಯಾಯಾಧೀಶರು ನೇರವಾಗಿ ಆರೋಪಿಯನ್ನು ಪ್ರಶ್ನೆ ಕೇಳುತ್ತಾರೆ. ಇದಕ್ಕೆ ಪ್ರಮಾಣ ಇಲ್ಲ. ಬಹಳ ಜನ ಎಲ್ಲದಕ್ಕೂ "ಸುಳ್ಳು" ಅಂದು ಬಂದುಬಿಡುತ್ತಾರೆ. ನಿಮ್ಮ ಹತ್ತಿರ ವಿವರಣೆ ಇದ್ದರೆ ಹೇಳಬೇಕಾದ ಜಾಗ ಇದೇ. ಹಿಂದಿನ ದಿನ ವಕೀಲರ ಜೊತೆ ಕೂತು ಪ್ರಶ್ನೆಗಳನ್ನು ಒಂದೊಂದಾಗಿ ನೋಡಿಕೊಳ್ಳಿ.

ಈ ನಡುವೆ ದೂರುದಾರರ ಮನೆಗೆ ನೀವಾಗಿ ಹೋಗಬೇಡಿ. ರಾಜಿಗೇ ಹೋಗಿರಬಹುದು, ಆದರೆ ಬೆದರಿಸಿದರು ಅಂತ ದೂರು ಬಂದರೆ ಜಾಮೀನು ರದ್ದಾಗುತ್ತದೆ. ಸಣ್ಣ ಹೊಡೆದಾಟದಂಥ ಕೇಸುಗಳಲ್ಲಿ ರಾಜಿಗೆ ಕಾನೂನಿನಲ್ಲೇ ಅವಕಾಶ ಇದೆ. ವಕೀಲರ ಮೂಲಕ, ಕೋರ್ಟಿನಲ್ಲಿ ಅಥವಾ ಲೋಕ ಅದಾಲತ್‌ನಲ್ಲಿ ಮಾಡಿ.

ಏಳನೇ ಹೆಜ್ಜೆ: ತೀರ್ಪಿನ ದಿನ

ಶ್ಯೂರಿಟಿ ಕೊಡುವವರನ್ನು, ಅವರ ಪಹಣಿಯನ್ನು ತೀರ್ಪಿನ ದಿನವೂ ಜೊತೆಗೆ ಕರೆತನ್ನಿ. ಶಿಕ್ಷೆಯಾದರೆ, ಅದು ಮೂರು ವರ್ಷದೊಳಗಿದ್ದು ಆರೋಪಿ ಜಾಮೀನಿನ ಮೇಲಿದ್ದರೆ, ಮೇಲ್ಮನವಿ ಹಾಕುವ ತನಕ ಶಿಕ್ಷೆ ತಡೆಹಿಡಿಯುವಂತೆ ಅದೇ ಕೋರ್ಟಿಗೆ ಅದೇ ದಿನ ಕೇಳಬಹುದು. ಶ್ಯೂರಿಟಿ ಕೈಯಲ್ಲಿದ್ದರೆ ಸಂಜೆಗೆ ಮನೆಗೆ ಬರಬಹುದು. ಇಲ್ಲದಿದ್ದರೆ ಆ ರಾತ್ರಿ ಜೈಲು. ಮ್ಯಾಜಿಸ್ಟ್ರೇಟ್ ಕೋರ್ಟಿನ ಶಿಕ್ಷೆಯ ವಿರುದ್ಧ ಸೆಷನ್ಸ್ ಕೋರ್ಟಿಗೆ ಮೇಲ್ಮನವಿ ಹಾಕಲು 30 ದಿನ, ಸೆಷನ್ಸ್ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ. ತೀರ್ಪಿನ ಒಂದು ಪ್ರತಿಯನ್ನು ಶಿಕ್ಷೆಯಾದವರಿಗೆ ಉಚಿತವಾಗಿ ಕೊಡಬೇಕು, ಕೇಳಿ ಪಡೆಯಿರಿ.

ಖುಲಾಸೆಯಾದರೂ ಕೆಲಸ ಬಾಕಿ ಇರುತ್ತದೆ. ತೀರ್ಪಿನ ದೃಢೀಕೃತ ನಕಲಿಗೆ ಆ ವಾರವೇ ಅರ್ಜಿ ಹಾಕಿ, ಎರಡು ಪ್ರತಿ ತೆಗೆಸಿ. ಪಾಸ್‌ಪೋರ್ಟಿಗೆ, ನೌಕರಿಯ ಪೊಲೀಸ್ ಪರಿಶೀಲನೆಗೆ ಅದನ್ನು ಕೇಳುತ್ತಾರೆ. ಜಪ್ತಿಯಾದ ಮೊಬೈಲು, ದುಡ್ಡು ಯಾರಿಗೆ ಕೊಡಬೇಕು ಅಂತ ತೀರ್ಪಿನ ಕೊನೆಯ ಪುಟದಲ್ಲಿ ಬರೆದಿರುತ್ತದೆ. ಆ ಸಾಲು ನೋಡಿ, ಮೇಲ್ಮನವಿ ಅವಧಿ ಮುಗಿದ ಮೇಲೆ ವಕೀಲರ ಗುಮಾಸ್ತರ ಜೊತೆ ಹೋಗಿ ಬಿಡಿಸಿಕೊಳ್ಳಿ.